ತಾಯಿ ಬೆಳೆಸಿದ್ದು ತಪ್ಪಾಯಿತೇ?

ನಿಮ್ಮ ಮಗ ಇಂಜಿನಿಯರಿಂಗ್ ಮುಗಿಸಿ ಪುಣೆಯಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು ಅಂದುಕೊಳ್ಳಿ. ಹೆಣ್ಣು ನೋಡೋಣವೇ ಎಂದಾಗಲೆಲ್ಲ ಏನಾದರೊಂದು ನೆಪ. ಈ ಸಲ ದೀಪಾವಳಿಗೆ ಬಂದವನು ಅಡುಗೆಮನೆ ಕಟ್ಟೆಗೆ ಒರಗಿ ನಿಂತು, ಮುಖ ನೋಡದೇ ಹೇಳಿಬಿಡುತ್ತಾನೆ, "ಅವ್ವಾ, ನನಗ ಹುಡುಗ್ಯಾರ ಮ್ಯಾಲ ಮನಸ್ಸ ಬರೂದಿಲ್ಲ. ಮದಿವಿ ಮಾತ ತಗೀಬ್ಯಾಡ."

ಒಂದು ಕ್ಷಣ ಏನೂ ಅರ್ಥವಾಗೋದಿಲ್ಲ. ಅರ್ಥವಾದ ಮೇಲೆ ಕೈಕಾಲು ತಣ್ಣಗಾಗುತ್ತವೆ. ಆಗ ನಿಮ್ಮ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಯಾವುದು ಹೇಳಲೇ? "ನಾನು ಎಲ್ಲಿ ತಪ್ಪಿದೆ?"

ನೀವು ಕೇಳಿಕೊಳ್ಳದಿದ್ದರೂ ಕೇಳೋದಕ್ಕೆ ಮನೆತುಂಬ ಜನರಿದ್ದಾರೆ ಬಿಡಿ. "ಸಣ್ಣಾಂವಿದ್ದಾಗ ಮೊಗ್ಗಿನ ಜಡಿ ಹೆಣದು, ಲಂಗಾ ಉಡಿಸಿ ಫೋಟೋ ತಗಸಿದ್ಯಲ್ಲ, ಅದಕ್ಕ ಹಿಂಗಾತು" ಅಂತ ಅತ್ತೆ. "ಯಾವಾಗ ನೋಡಿದ್ರೂ ನಿನ್ನ ಸೆರಗ ಹಿಡಕೊಂಡ ತಿರಗತಿದ್ದ, ನೀನ ಅಂವನ್ನ ಮೆತ್ತಗ ಮಾಡಿಟ್ಟಿ" ಅಂತ ಗಂಡ. "ಹಾಸ್ಟೇಲಿಗೆ ಹಾಕಬ್ಯಾಡ್ರಿ ಅಂತ ಆವಾಗ ಹೇಳಿದ್ನಿಲ್ರಿ ವೈನಿ?" ಅಂತ ನಾದಿನಿ. ಇದೇ ಮಾತನ್ನು ಮಗಳು ಹೇಳಿದರಂತೂ ಮುಗಿದೇಹೋಯಿತು. ಪ್ಯಾಂಟು ಕೊಡಿಸಿದ್ದು, ಸ್ಕೂಟಿ ಕಲಿಸಿದ್ದು, ಅಣ್ಣಂದಿರ ಜೊತೆ ಕ್ರಿಕೆಟ್ ಆಡಲು ಬಿಟ್ಟಿದ್ದು, ಎಲ್ಲಕ್ಕೂ ತಾಯಿಯೇ ಲೆಕ್ಕ ಕೊಡಬೇಕು. ಮಗ ರ‍್ಯಾಂಕ್ ಬಂದರೆ ಅಪ್ಪನ ಹೆಸರು, ಎಡವಿದರೆ ತಾಯಿಯ ಸಾಕಣೆ. ಇದು ನಮಗೇನು ಹೊಸದೇ?

ಅದಕ್ಕೇ ಈ ವಿಷಯವನ್ನು ಬಾಯಿಬಿಟ್ಟು ಮಾತಾಡೋಣ. ಸಂಕೋಚದ ವಿಷಯ ಅಂತ ಪುಟ ತಿರುಗಿಸಬೇಡಿ. ಮನುಷ್ಯ ಯಾರನ್ನು ಇಷ್ಟಪಡುತ್ತಾನೆ, ತನ್ನನ್ನು ಗಂಡೆಂದು ತಿಳಿಯುತ್ತಾನೋ ಹೆಣ್ಣೆಂದೋ, ಇದೆಲ್ಲ ಹುಟ್ಟಿನಿಂದ ಬಂದದ್ದೇ ಅಥವಾ ನಾವು ಬೆಳೆಸಿದ ರೀತಿಯಿಂದ ಬಂದದ್ದೇ?

ಅಜ್ಜಿಯರ ಬಳಿ ಇದ್ದ ಉತ್ತರ

ವಿದೇಶದ ಪಂಡಿತರು ಈ ವಾದಕ್ಕೆ ಇಳಿಯುವ ಎಷ್ಟೋ ಮೊದಲೇ ನಮ್ಮ ತಿಕೋಟಾ, ಬಬಲೇಶ್ವರ ಕಡೆಯ ಅಜ್ಜಿಯರು ತಮ್ಮದೇ ಒಂದು ಉತ್ತರ ಇಟ್ಟುಕೊಂಡಿದ್ದರು: "ಯಲ್ಲಮ್ಮ ಹಿಡದಾಳ."

ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗಿ ಬಂದವರಿಗೆ ಜೋಗಪ್ಪಗಳು ಹೊಸಬರಲ್ಲ. ಸೀರೆ ಉಟ್ಟು, ಹಣೆತುಂಬ ಭಂಡಾರ ಹಚ್ಚಿಕೊಂಡು, ತಲೆ ಮೇಲೆ ದೇವಿಯ ಕೊಡ ಹೊತ್ತು, ಚೌಡಿಕೆಯ ನಾದಕ್ಕೆ ಹಾಡುತ್ತ ಬರುತ್ತಾರೆ. ಗಂಡಾಗಿ ಹುಟ್ಟಿದ ಮಗುವಿನಲ್ಲಿ ಹೆಣ್ಣಿನ ನಡೆನುಡಿ ಕಂಡರೆ ದೇವಿಯೇ ಅವನನ್ನು ತನ್ನ ಸೇವೆಗೆ ಕರೆದಳು ಅನ್ನೋದು ನಂಬಿಕೆ. ಮುತ್ತು ಕಟ್ಟಿಸಿದರೆ ಅವನು ದೇವಿಯ ಮಗಳು. ಮನೆ ಬಾಗಿಲಿಗೆ ಬಂದರೆ ಮೊರದಲ್ಲಿ ಜೋಳ ತಂದು ನೀಡಿ ನಮಸ್ಕರಿಸುವ ಹೆಂಗಸರನ್ನು ಇವತ್ತಿಗೂ ನಮ್ಮ ಓಣಿಗಳಲ್ಲಿ ಕಾಣಬಹುದು.

ಈ ಉತ್ತರದಲ್ಲಿ ಒಂದು ದೊಡ್ಡಗುಣ ಇತ್ತು ನೋಡಿ. ದೇವಿ ಕರೆದಳು ಅಂದಮೇಲೆ ತಾಯಿ ಕೆಡಿಸಿದಳು ಅನ್ನೋ ಮಾತಿಗೆ ಜಾಗವೇ ಇರಲಿಲ್ಲ. ಹಾಗಂತ ಆ ಮಗುವಿನ ಬದುಕು ಹೂವಾಯಿತು ಅಂತಲ್ಲ. ಮುತ್ತು ಕಟ್ಟಿಸಿದ ಮೇಲೆ ಶಾಲೆ ಇಲ್ಲ, ನೌಕರಿ ಇಲ್ಲ, ಎಷ್ಟೋ ಮನೆಗಳಲ್ಲಿ ಹಿಂದಿನ ಬಾಗಿಲೂ ಮುಚ್ಚಿತು. ಮತ್ತೆ, ಸೀರೆ ಉಡುವ ಆಸೆಯೇ ಇಲ್ಲದ, ಗಂಡಾಗಿಯೇ ಇದ್ದು ಗಂಡನ್ನು ಇಷ್ಟಪಡುವ ಹುಡುಗನಿಗೆ ಈ ಪದ್ಧತಿಯಲ್ಲಿ ಸ್ಥಾನವೇ ಇರಲಿಲ್ಲ. ಹೆಣ್ಣನ್ನು ಇಷ್ಟಪಡುವ ಹುಡುಗಿಯ ಗತಿ ಕೇಳಲೇಬೇಡಿ. ಅವಳನ್ನು ಸುಮ್ಮನೆ ಮದುವೆ ಮಾಡಿ ಕಳಿಸಿದರು.

ಇಲ್ಲೊಂದು ವ್ಯತ್ಯಾಸ ತಿಳಿದಿರಲಿ. ಯಾರ ಕಡೆಗೆ ಮನಸ್ಸು ಎಳೆಯುತ್ತದೆ ಅನ್ನೋದು ಲೈಂಗಿಕ ಒಲವು. ನಾನು ಯಾರು, ಗಂಡೋ ಹೆಣ್ಣೋ ಅನ್ನೋದು ಲಿಂಗ ಗುರುತು. ಎರಡೂ ಒಂದೇ ಅಲ್ಲ. ಪುಣೆಯಿಂದ ಬಂದ ಆ ಹುಡುಗನಿಗೆ ತಾನು ಗಂಡು ಅನ್ನೋದರಲ್ಲಿ ಯಾವ ಅನುಮಾನವೂ ಇಲ್ಲ. ಜೋಗಪ್ಪನ ಕಥೆ ಬೇರೆ. ನಾವು ಎರಡನ್ನೂ ಒಂದೇ ಬೈಗುಳದಲ್ಲಿ ಸೇರಿಸಿಬಿಡುತ್ತೇವೆ, ಅಷ್ಟೇ.

ಮಂಜಮ್ಮ ಜೋಗತಿ ಅವರನ್ನು ಟೀವಿಯಲ್ಲಿ ನೋಡಿಯೇ ಇರುತ್ತೀರಿ. ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಶೆಟ್ಟಿ ಎಂಬ ಹೆಸರಿನ ಹುಡುಗನಾಗಿ ಬೆಳೆದವರು. ಒಳಗಿನ ಹೆಣ್ತನ ಮನೆಯವರಿಗೆ ತಿಳಿದಾಗ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿದರು. ಮುಂದೆ ಭಿಕ್ಷೆ, ಅವಮಾನ, ಜೀವವೇ ಬೇಡ ಅನ್ನುವ ಹಂತ, ಎಲ್ಲವನ್ನೂ ದಾಟಿ ಕಾಳವ್ವ ಜೋಗತಿ ಅವರ ಬಳಿ ಜೋಗತಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವಾಗ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರಲ್ಲ, ಆ ದೃಶ್ಯವನ್ನು ಮರೆಯೋದಾದರೂ ಹೇಗೆ? ಅವರನ್ನು ಯಾರಾದರೂ ಹಾಗೆ "ಬೆಳೆಸಿದರೇ"? ಹುಡುಗನಾಗಿರು ಅಂತಲೇ ಎಲ್ಲರೂ ಹೇಳಿದ್ದು, ಹೊಡೆದು ಬಡಿದು ಹೇಳಿದ್ದು.

ಡಾಕ್ಟರುಗಳೂ ತಾಯಿಯನ್ನೇ ಹಿಡಿದಿದ್ದರು!

ಅತ್ತೆಯ ಮಾತನ್ನು ಹಳೇಕಾಲದ್ದು ಅಂತ ತಳ್ಳಿಹಾಕಬಹುದು. ಆದರೆ ಅಮೆರಿಕದ ದೊಡ್ಡ ದೊಡ್ಡ ಮನೋವೈದ್ಯರೂ ಒಂದು ಕಾಲಕ್ಕೆ ಇದನ್ನೇ ಹೇಳಿದ್ದರು ಅಂದರೆ ನಂಬುತ್ತೀರಾ? 1962ರಲ್ಲಿ ಇರ್ವಿಂಗ್ ಬೀಬರ್ ಮತ್ತು ಸಂಗಡಿಗರು ಒಂದು ಗ್ರಂಥ ಬರೆದು, ಮಗನಿಗೆ ಅತಿಯಾಗಿ ಅಂಟಿಕೊಂಡ ತಾಯಿ, ದೂರವೇ ಉಳಿದ ತಂದೆ, ಇವರಿಬ್ಬರಿಂದ ಮಗ ಸಲಿಂಗಿಯಾಗುತ್ತಾನೆ ಎಂದರು. ಅವರು ನೋಡಿದ್ದು ಮನೋವೈದ್ಯರ ಬಳಿ ಚಿಕಿತ್ಸೆಗೆ ಬಂದವರನ್ನು ಮಾತ್ರ. ನೆಮ್ಮದಿಯಾಗಿ ಬದುಕುತ್ತಿದ್ದವರು ಅವರ ಲೆಕ್ಕಕ್ಕೇ ಸಿಗಲಿಲ್ಲ. ಆಮೇಲೆ ಕಿನ್ಸಿ ಸಂಸ್ಥೆಯ ಸಂಶೋಧಕರು ಸುಮಾರು 1,500 ಜನರನ್ನು ಕೂರಿಸಿ ಬಾಲ್ಯದ ಕಥೆ ಕೇಳಿದರು. 1981ರಲ್ಲಿ ಬಂದ ಅವರ ವರದಿಯಲ್ಲಿ ತಂದೆ ತಾಯಿ ಬೆಳೆಸಿದ ರೀತಿಗೂ ಮಕ್ಕಳ ಒಲವಿಗೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ.

ಇಷ್ಟು ದೂರ ಹೋಗೋದೂ ಬೇಡ. ನಾವೇ ಯೋಚಿಸೋಣ. ಅಂಟಿಕೊಂಡ ತಾಯಿ, ದೂರದ ತಂದೆ ಅನ್ನೋದೇ ಕಾರಣವಾಗಿದ್ದರೆ ನಮ್ಮ ಕಡೆ ಅರ್ಧ ಊರು ಹಾಗೇ ಇರಬೇಕಿತ್ತು! ಒಂದೇ ತಾಯಿ ಒಂದೇ ರೊಟ್ಟಿ ಬುಟ್ಟಿಯಿಂದ ಬಡಿಸಿ ಬೆಳೆಸಿದ ಮೂವರಲ್ಲಿ ಒಬ್ಬನಷ್ಟೇ ಬೇರೆಯಾಗಿದ್ದಾನೆ. ಮೊಗ್ಗಿನ ಜಡೆ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡ ಲಕ್ಷಾಂತರ ಗಂಡುಮಕ್ಕಳು ಇವತ್ತು ಮೀಸೆ ತಿರುವುತ್ತ ಮಕ್ಕಳ ತಂದೆಯರಾಗಿ ಕೂತಿದ್ದಾರೆ.

ಹೆಣ್ಣಾಗಿ ಬೆಳೆಸಿದ ಹುಡುಗ

ಬೆಳೆಸಿದ ಹಾಗೆ ಮಕ್ಕಳು ಅಂತ ಪಟ್ಟುಹಿಡಿಯುವವರಿಗೆ ಕೆನಡಾ ದೇಶದ ಒಂದು ಮಗುವಿನ ಕಥೆ ಹೇಳಬೇಕು. 1965ರಲ್ಲಿ ವಿನಿಪೆಗ್ ಊರಿನಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದವು. ಎಂಟು ತಿಂಗಳಾದಾಗ ಮುಂದೊಗಲು ತೆಗೆಯುವ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಅನಾಹುತವಾಗಿ ಒಂದು ಮಗುವಿನ ಜನನಾಂಗವೇ ಸುಟ್ಟುಹೋಯಿತು. ದಿಕ್ಕುತೋಚದ ತಂದೆ ತಾಯಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಜಾನ್ ಮನಿ ಎಂಬ ಹೆಸರುವಾಸಿ ಮನಶ್ಶಾಸ್ತ್ರಜ್ಞನ ಬಳಿ ಹೋದರು. ಗಂಡು ಹೆಣ್ಣು ಅನ್ನೋದು ಬೆಳೆಸುವುದರಲ್ಲಿದೆ ಎಂಬುದು ಆತನ ಸಿದ್ಧಾಂತ. "ಹುಡುಗಿಯಾಗಿ ಬೆಳೆಸಿ, ಹುಡುಗಿಯೇ ಆಗುತ್ತಾಳೆ" ಎಂಬ ಸಲಹೆ ಬಂತು. ಎರಡು ವರ್ಷ ತುಂಬುವ ಮೊದಲೇ ಮತ್ತೊಂದು ಶಸ್ತ್ರಚಿಕಿತ್ಸೆ ಮಾಡಿ, ಬ್ರೆಂಡಾ ಎಂದು ಹೆಸರಿಟ್ಟು, ಫ್ರಾಕು ತೊಡಿಸಿ, ಗೊಂಬೆ ಕೊಟ್ಟು ಬೆಳೆಸಿದರು. ಆ ತಾಯಿ ಹೇಳಿದ್ದೊಂದನ್ನೂ ಬಿಡದೆ ಮಾಡಿದಳು.

ಆದರೆ ಮಗು ಫ್ರಾಕು ಕಿತ್ತೆಸೆಯಿತು. ತಮ್ಮನ ಆಟಿಕೆಗೇ ಕೈಚಾಚಿತು. ಶಾಲೆಯಲ್ಲಿ ಯಾರ ಜೊತೆಗೂ ಹೊಂದಲಿಲ್ಲ. ಇತ್ತ ಜಾನ್ ಮನಿ 1972ರಲ್ಲಿ ಈ ಪ್ರಯೋಗ ಗೆದ್ದಿದೆ ಎಂದು ಬರೆದುಕೊಂಡರು, ಪಠ್ಯಪುಸ್ತಕಗಳೂ ಅದನ್ನೇ ಹಾಡಿದವು. 1980ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ತಂದೆ ನಿಜ ಹೇಳಿದಾಗ ಆ ಮಗು ಹುಡುಗನಾಗಿಯೇ ಬದುಕುತ್ತೇನೆ ಎಂದು ಡೇವಿಡ್ ಅಂತ ಹೆಸರಿಟ್ಟುಕೊಂಡಿತು. ಡೇವಿಡ್ ರೈಮರ್ ಮುಂದೆ ಮದುವೆಯನ್ನೂ ಆದರು. ಆದರೆ ಬಾಲ್ಯದಲ್ಲಿ ಒಡೆದ ಮನಸ್ಸು ಕೂಡಲಿಲ್ಲ. 2004ರಲ್ಲಿ, 38ನೇ ವಯಸ್ಸಿಗೆ, ತಾವೇ ಬದುಕು ಮುಗಿಸಿಕೊಂಡರು.

ಒಂದು ಮಗುವಿನ ಕಥೆಯಿಂದ ಎಲ್ಲವನ್ನೂ ಹೇಳಲಾಗದು, ನಿಜ. ಆದರೆ ಹುಟ್ಟಿದ ಮೊದಲ ವರ್ಷಗಳಿಂದ, ಡಾಕ್ಟರುಗಳ ಕಣ್ಗಾವಲಿನಲ್ಲಿ, ಇಷ್ಟೆಲ್ಲ ಹಟದಿಂದ ಬೆಳೆಸಿದರೂ ಒಳಗಿನದು ಬದಲಾಗಲಿಲ್ಲ ಅಂದಮೇಲೆ, ನೀವು ಒಂದು ದಿನ ಉಡಿಸಿದ ಲಂಗದಿಂದ ಏನಾದೀತು?

ಹಾಗಾದರೆ ಹುಟ್ಟಿನಿಂದಲೇ?

ಇದಕ್ಕೂ ಥಟ್ಟನೆ ಹೌದು ಅನ್ನಲು ಬರೋದಿಲ್ಲ. 1991ರಲ್ಲಿ ಬೇಯ್ಲಿ ಮತ್ತು ಪಿಲ್ಲಾರ್ಡ್ ಎಂಬ ಸಂಶೋಧಕರು ಅವಳಿಗಳನ್ನು ನೋಡಿದರು. ಒಬ್ಬ ಸಲಿಂಗಿಯಾಗಿದ್ದರೆ ಅವನ ತದ್ರೂಪಿ ಅವಳಿಯೂ ಹಾಗೇ ಇರುವುದು ನೂರಕ್ಕೆ 52, ತದ್ರೂಪಿಯಲ್ಲದ ಅವಳಿ ಹಾಗಿರುವುದು 22, ದತ್ತು ಬಂದ ಸೋದರನಾದರೆ ಬರೀ 11. ನಂತರದ ದೊಡ್ಡ ಅಧ್ಯಯನಗಳಲ್ಲಿ ಈ ಸಂಖ್ಯೆಗಳು ಇನ್ನೂ ಕಡಿಮೆ ಬಂದವು. ಅಂದರೆ ರಕ್ತದ ಪಾಲು ಇದೆ, ಆದರೆ ಪೂರ್ತಿ ಅದೇ ಅಲ್ಲ. 2019ರಲ್ಲಿ ಸುಮಾರು 4.77 ಲಕ್ಷ ಜನರ ವಂಶವಾಹಿಗಳನ್ನು ಜಾಲಾಡಿದ ಅಧ್ಯಯನ "ಸಲಿಂಗಿ ಜೀನ್" ಅನ್ನೋದೊಂದು ಇಲ್ಲವೇ ಇಲ್ಲ, ಸಣ್ಣ ಸಣ್ಣ ಪಾಲಿನ ನೂರಾರು ವಂಶವಾಹಿಗಳು ಸೇರಿ ಒಂದಿಷ್ಟು ಪ್ರಭಾವ ಬೀರುತ್ತವೆ ಎಂದಿತು.

ಉಳಿದದ್ದು ಪರಿಸರ ಅನ್ನುತ್ತಾರೆ ವಿಜ್ಞಾನಿಗಳು. ಈ ಮಾತು ಕೇಳಿದ ಕೂಡಲೇ "ನೋಡ್ರಿ, ಮತ್ತ ತಾಯಿಗೇ ಬಂತು" ಅನ್ನಬೇಡಿ. ಅವರ ಭಾಷೆಯಲ್ಲಿ ಪರಿಸರ ಅಂದರೆ ವಂಶವಾಹಿ ಬಿಟ್ಟು ಮಿಕ್ಕದ್ದೆಲ್ಲ. ಗರ್ಭದೊಳಗಿನ ಹಾರ್ಮೋನು, ಮೆದುಳು ಬೆಳೆಯುವಾಗಿನ ಆಕಸ್ಮಿಕಗಳು, ಎಲ್ಲ ಅದರಲ್ಲೇ ಬಂತು. ಒಂದು ಸ್ವಾರಸ್ಯ ಹೇಳುತ್ತೇನೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಮೊದಲು ಹುಟ್ಟಿದ ಅಣ್ಣಂದಿರು ಹೆಚ್ಚಿದ್ದಷ್ಟೂ ಕಿರಿಯ ಮಗ ಸಲಿಂಗಿಯಾಗುವ ಸಂಭವ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತದೆ, ಒಬ್ಬೊಬ್ಬ ಅಣ್ಣನಿಗೆ ಸುಮಾರು ಮೂರನೇ ಒಂದರಷ್ಟು. ಮೂಲದಲ್ಲೇ ಸಂಭವ ಕಡಿಮೆ ಇರೋದರಿಂದ ನಾಲ್ಕನೇ ಮಗನಾದರೂ ಬಹುಪಾಲು ಹಾಗಿರೋದಿಲ್ಲ, ಗಾಬರಿಯಾಗಬೇಡಿ. 2006ರಲ್ಲಿ ಬೊಗಾರ್ಟ್ ಎಂಬುವರು ಇದನ್ನೇ ಇನ್ನಷ್ಟು ಕೆದಕಿದರು. ಜೊತೆಯಲ್ಲಿ ಬೆಳೆದ ಮಲತಾಯಿಯ ಮಕ್ಕಳಿಂದ ಯಾವ ವ್ಯತ್ಯಾಸವೂ ಇಲ್ಲ. ಬೇರೆ ಮನೆಯಲ್ಲಿ ಬೆಳೆದರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣಂದಿರಿಂದ ವ್ಯತ್ಯಾಸ ಇದೆ! ಮನೆಯ ವಾತಾವರಣ ಕಾರಣವಾಗಿದ್ದರೆ ಇದು ತಿರುಗಮುರುಗ ಇರಬೇಕಿತ್ತು ಅಲ್ಲವೇ? (ಇನ್ನು ಗರ್ಭದ ಮೇಲೆ ಅಪವಾದ ಹೊರಿಸುವವರಿಗೆ ನನ್ನ ಬಳಿ ಉತ್ತರವಿಲ್ಲ.)

ನಮ್ಮ ತಿಕೋಟಾ ಕಡೆಯವರಿಗೆ ಇದನ್ನು ದ್ರಾಕ್ಷಿ ತೋಟದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿದೀತು. ಡಾಗ್ರಿಜ್ ಬೇರಿನ ಮೇಲೆ ಥಾಮ್ಸನ್ ಕಸಿ ಕಟ್ಟುತ್ತಾರೆ. ಎಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಗೊಬ್ಬರ, ಹನಿ ನೀರು, ಔಷಧಿ ಸಿಂಪಡಣೆ, ಒಂದೇ ಎರಡೇ! ಗೊನೆ ಎಷ್ಟು ತುಂಬುತ್ತದೆ, ಒಣದ್ರಾಕ್ಷಿಗೆ ಏನು ದರ ಸಿಗುತ್ತದೆ ಅನ್ನೋದೆಲ್ಲ ಆ ಆರೈಕೆಯ ಮೇಲೆ. ಆದರೆ ಥಾಮ್ಸನ್ ಬಳ್ಳಿಯ ಮುಂದೆ ನಿಂತು ಎಷ್ಟು ಬೈದರೂ ಅದು ಶರದ್ ತಳಿಯ ಕಪ್ಪು ಕಾಯಿ ಬಿಡೋದಿಲ್ಲ. ಮನುಷ್ಯರು ಬಳ್ಳಿಯಷ್ಟು ಸರಳ ಅಲ್ಲ ಅಂತೀರಾ? ಒಪ್ಪಿದೆ. ಕೆಲವರ ಒಲವು ವಯಸ್ಸಿನೊಂದಿಗೆ ತಾನಾಗೇ ಸ್ವಲ್ಪ ಅತ್ತಿತ್ತ ಆಗೋದುಂಟು, ಹೆಂಗಸರಲ್ಲಿ ಇದು ಹೆಚ್ಚು. ಆದರೆ ತಾನಾಗಿ ಬದಲಾಗೋದು ಬೇರೆ, ಬೈದು ಬಡಿದು ಬದಲಾಯಿಸೋದು ಬೇರೆ.

ಆರೈಕೆಯಿಂದ ಆಗುವುದೇನು?

ಬೆಳೆಸುವ ರೀತಿಗೆ ಬೆಲೆಯೇ ಇಲ್ಲವೇ? ಇದೆ, ಬಹಳ ಇದೆ. 2009ರಲ್ಲಿ ಅಮೆರಿಕದಲ್ಲಿ ಕೇಟ್ಲಿನ್ ರಯಾನ್ ಮತ್ತು ಸಂಗಡಿಗರು ಇಂಥ 224 ಯುವಕ ಯುವತಿಯರನ್ನು ಮಾತಾಡಿಸಿದರು. ಮನೆಯವರು ತೀರ ತಿರಸ್ಕರಿಸಿದ ಮಕ್ಕಳಲ್ಲಿ ಆತ್ಮಹತ್ಯೆಗೆ ಯತ್ನಿಸಿದ ಪ್ರಮಾಣ, ಮನೆಯವರು ಅಷ್ಟಾಗಿ ತಿರಸ್ಕರಿಸದ ಮಕ್ಕಳಿಗಿಂತ 8.4 ಪಟ್ಟು ಹೆಚ್ಚಿತ್ತು. ಇನ್ನೊಮ್ಮೆ ಓದಿ, ಎಂಟು ಪಟ್ಟಿಗೂ ಮೇಲೆ. ಮಗ ಯಾರನ್ನು ಇಷ್ಟಪಡುತ್ತಾನೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಅವನು ಬದುಕುತ್ತಾನೋ ಇಲ್ಲವೋ ಅನ್ನೋದರಲ್ಲಿ ಮಾತ್ರ ನಿಮ್ಮ ಕೈ ಇದೆ.

ಮದುವೆ ಔಷಧಿಯಲ್ಲ

"ಒಂದ ಮದಿವಿ ಮಾಡ್ರಿ, ಎಲ್ಲಾ ಸರಿ ಆಗತದ." ಈ ಸಲಹೆ ಕೊಡುವವರಿಗೆ ಬರವಿಲ್ಲ. ದಯವಿಟ್ಟು ಇಲ್ಲಿ ಒಂದು ನಿಮಿಷ ನಿಲ್ಲಿ. ಆ ಮದುವೆಯಲ್ಲಿ ಇನ್ನೊಬ್ಬಳು ಇದ್ದಾಳೆ. ಅವಳೂ ಯಾರದೋ ಮಗಳು.

ನನಗೆ ಗೊತ್ತಿರುವ ಒಬ್ಬ ಹುಡುಗಿ ಇದ್ದಾಳೆ, ಹೆಸರು ಬೇಡ. ಒಳ್ಳೆಯ ಮನೆತನ, ಹುಡುಗನಿಗೆ ದೊಡ್ಡ ಸಂಬಳ, ಚಟ ಇಲ್ಲ ಅಂತ ಹದಿನೈದು ದಿನದಲ್ಲಿ ಮದುವೆ ಮುಗಿಸಿದರು. ಗಂಡ ಬೈಯಲಿಲ್ಲ, ಹೊಡೆಯಲಿಲ್ಲ, ಹತ್ತಿರಕ್ಕೂ ಬರಲಿಲ್ಲ. ಎರಡು ವರ್ಷವಾದರೂ ಮಕ್ಕಳಾಗಲಿಲ್ಲ ಅಂತ ಅತ್ತೆಯ ಮನೆಯವರು ಅವಳನ್ನೇ ದೇವಸ್ಥಾನಕ್ಕೆ, ಆಸ್ಪತ್ರೆಗೆ ಅಲೆದಾಡಿಸಿದರು. ತನ್ನಲ್ಲೇ ಏನೋ ಕೊರತೆ ಇದೆ ಅಂತ ಅವಳೂ ನಂಬಿದ್ದಳು. ಕೊನೆಗೆ ಗೊತ್ತಾಯಿತು, ಮದುವೆಗೆ ಮೊದಲೇ ಹುಡುಗ ತನ್ನ ತಾಯಿಗೆ ಎಲ್ಲ ಹೇಳಿದ್ದ. ಆ ತಾಯಿಗೆ ತಿಳಿದೂ ತಿಳಿದೂ ಮಾಡಿದ ಮದುವೆ ಅದು. ಆ ಹುಡುಗನ ಮೇಲೆ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು. ತಾಯಿಯ ಮೇಲೆ ಮಾತ್ರ ಸಿಟ್ಟು ಇಳಿದಿಲ್ಲ. ಹೆಣ್ಣಾಗಿ ಇನ್ನೊಂದು ಹೆಣ್ಣಿಗೆ ಹೀಗೆ ಮಾಡಬಹುದೇ?

ನಾನೇನು ಮಾಡಲಿ ಅಂದರೆ...

ಮಗನೋ ಮಗಳೋ ಬಂದು ಹೇಳಿದ ದಿನ ನಿಮಗೆ ಮಾತು ಹೊರಡದಿದ್ದರೆ ಪರವಾಗಿಲ್ಲ. "ಊಟ ಮಾಡೋಣ ಬಾ" ಅಂದರೂ ಸಾಕು. ಅಳು ಬಂದರೆ ಅತ್ತುಬಿಡಿ. ಅವರು ಈ ಮಾತನ್ನು ಎಷ್ಟೋ ವರ್ಷ ಒಳಗೇ ಇಟ್ಟುಕೊಂಡು ನಂತರ ಹೇಳಿರುತ್ತಾರೆ, ನಿಮಗೆ ಅರಗಿಸಿಕೊಳ್ಳಲು ನಾಲ್ಕು ತಿಂಗಳಾದರೂ ಬೇಡವೇ? ಫೋನು ಕಸಿದುಕೊಳ್ಳೋದು, ಗೆಳೆಯರ ಮನೆಗೆ ಹೋಗಿ ಜಗಳ ತೆಗೆಯೋದು ಮಾತ್ರ ಬೇಡ.

ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ಗುಪ್ತರೋಗ ವಾಸಿ ಮಾಡುತ್ತೇವೆ ಅಂತ ಬರೆಸುವವರ ಹತ್ತಿರ ಕರೆದೊಯ್ಯಬೇಡಿ. ತಾಯಿತ, ಹರಕೆ, ಗಂಡಸುತನ ಬರಿಸುವ ಇಂಜೆಕ್ಷನ್ ಯಾವುದರಿಂದಲೂ ಒಲವು ತಿರುಗೋದಿಲ್ಲ. ಇದು ರೋಗವೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ನಮ್ಮ ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಅದನ್ನೇ ಹೇಳಿತು. ಅದೇ ವರ್ಷ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರಿಬ್ಬರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ತೀರ್ಪು ಕೊಟ್ಟಿತು. ಆದ್ದರಿಂದ ಮಗನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಅನ್ನೋ ಹೆದರಿಕೆ ಬಿಡಿ. ಯಾರಾದರೂ ಡಾಕ್ಟರು "ಸರಿಮಾಡಿ ಕೊಡ್ತೀನಿ" ಅಂದರೆ ಎದ್ದು ಬಂದುಬಿಡಿ. ಇಂಥ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ.

ಹಾಸ್ಟೆಲಿನಲ್ಲಿ ಯಾರೋ ಕೆಡಿಸಿದರು ಅನ್ನೋ ಸಂಶಯ ನಿಮ್ಮನ್ನು ಕೊರೆಯುತ್ತಿದ್ದರೆ, ಮಗುವನ್ನು ಪ್ರೀತಿಯಿಂದ ಕೇಳಿ. ಅಂಥದ್ದೇನಾದರೂ ನಡೆದಿದ್ದರೆ ಅದು 2012ರ ಪೋಕ್ಸೋ ಕಾಯ್ದೆಯ ಪ್ರಕಾರ ದೊಡ್ಡ ಅಪರಾಧ, ಸುಮ್ಮನೆ ಬಿಡುವಂಥದ್ದಲ್ಲ. ಆದರೆ ಆ ಅಪರಾಧವನ್ನೂ ಮಗುವಿನ ಒಲವನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ.

ಮನಸ್ಸು ತೀರ ಭಾರವಾದರೆ, ನಿಮಗಾಗಲಿ ಮಗುವಿಗಾಗಲಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರಿಂದ ನಡೆದಿದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹತ್ತಿರದಲ್ಲಿ ನೋಡಿಕೊಂಡು ಬರೋಣ ಅನ್ನುವವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ.

ಗಂಡನಿಗೆ ಹೇಳುವ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು, ನನಗೂ ಗೊತ್ತು. ಮಗುವಿನ ಒಪ್ಪಿಗೆ ಕೇಳಿದ ಮೇಲೇ ಹೇಳಿ, ಸಿಟ್ಟಿನಲ್ಲಿದ್ದಾಗ ಬೇಡ, ಮನೆತುಂಬ ನೆಂಟರಿದ್ದಾಗಲಂತೂ ಬೇಡವೇ ಬೇಡ. ನೆಂಟರಿಗೆ, ಓಣಿಯ ಬಾಯಾರಿಗೆ ಈ ವಿಷಯ ವಿವರಿಸುವ ಹಂಗು ನಿಮಗಿಲ್ಲ. "ಮಗನ ಮದಿವಿ ಯಾವಾಗ್ರೀ ಅಕ್ಕಾರ?" ಅಂದರೆ "ಅಂವಗ ಬ್ಯಾಡಂತ್ರೀ" ಅಂದುಬಿಡಿ. ಮತ್ತೆ ನೆನಪಿಟ್ಟು, ಮಧ್ಯವರ್ತಿಗೆ ಕೊಟ್ಟ ಅವನ ಫೋಟೋ, ಜಾತಕ, ಬಯೋಡೇಟಾ ಇದೇ ವಾರ ವಾಪಸ್ ತರಿಸಿಕೊಳ್ಳಿ. ಮುಂದಿನ ಭಾನುವಾರ ಹೆಣ್ಣು ನೋಡಲು ಬರುತ್ತೇವೆ ಅಂತ ಯಾರಿಗಾದರೂ ಮಾತು ಕೊಟ್ಟಿದ್ದರೆ ಇವತ್ತೇ ಫೋನ್ ಮಾಡಿ ಬರೋದಿಲ್ಲ ಅಂತ ತಿಳಿಸಿ. ಆ ಮನೆಯವರು ಉಪ್ಪಿಟ್ಟು, ಶಿರಾಕ್ಕೆ ತಯಾರಿ ಮಾಡಿಕೊಂಡು ಕಾಯುತ್ತಿರುತ್ತಾರೆ.